ಬೇಲಿಗೆ ಮೆತ್ತಿದ ಬಿಳಿ ಹಿಟ್ಟು

ಬೆಂಗಳೂರಿನಲ್ಲಿ ಹೆಸರಘಟ್ಟ ಮುಖ್ಯರಸ್ತೆ ಹಾದುಹೋಗುವ ಬಾಗಲಗುಂಟೆಯಂಥ ಬಡಾವಣೆಗಳಲ್ಲಿ ಕಾಂಪೌಂಡಿಗೆ ಒತ್ತಿ ದಾಸವಾಳದ ಸಾಲು ಬೆಳೆಸುವುದು ಹೊಸತಲ್ಲ. ಪೂಜೆಗೆ ಹೂವಾಯಿತು, ಮನೆಗೆ ಮರೆಯೂ ಆಯಿತು. ಶಿವರಾತ್ರಿ ಕಳೆದು ಬಿಸಿಲೇರಿತೆಂದರೆ ಈ ಹಸಿರು ಬೇಲಿಗೆ ಕಷ್ಟಕಾಲ. ಕುಡಿ ಮುದುಡುತ್ತದೆ, ಮೊಗ್ಗು ಉದುರುತ್ತದೆ, ಅಕ್ಕಿಹಿಟ್ಟು ಎರಚಿದಂತೆ ರೆಂಬೆಗೆಲ್ಲ ಬಿಳಿ ಮೆತ್ತಿಕೊಳ್ಳುತ್ತದೆ.

ಅದನ್ನು ಬೂದಿ ರೋಗವೆಂದುಕೊಂಡು ಗಂಧಕದ ಪುಡಿ ತರುವವರುಂಟು. ಬೂದಿ ರೋಗ ಶಿಲೀಂಧ್ರದ ಕೆಲಸ, ಎಲೆಯ ಮೇಲೆ ತೆಳ್ಳಗೆ ಹರಡುತ್ತದೆ. ಎಲೆಯ ಕಂಕುಳಲ್ಲಿ, ತೊಟ್ಟಿನಲ್ಲಿ, ಎಳೆಯ ಕುಡಿಯಲ್ಲಿ ಗುಂಪುಗುಂಪಾಗಿ ಕೂತಿರುವುದು ಹಿಟ್ಟು ತಿಗಣೆ. ಮೈಯಿಂದ ಒಸರಿದ ಮೇಣವೇ ಅದರ ಬಿಳಿ ಹೊದಿಕೆ. ನೀರು, ಔಷಧಿ ಎರಡೂ ಆ ಮೇಣದ ಮೇಲೆ ಜಾರುತ್ತವೆ. ಹೆಣ್ಣು ತಿಗಣೆ ಸೂಜಿಯಂಥ ಬಾಯಿ ಚುಚ್ಚಿ ಕುಳಿತು ರಸ ಹೀರುತ್ತಲೇ ನೂರಾರು ಮೊಟ್ಟೆ ಇಡುತ್ತದೆ.

ಹೀರಿದ ರಸದಲ್ಲಿ ಸಕ್ಕರೆಯೇ ಹೆಚ್ಚು. ಮಿಕ್ಕದ್ದನ್ನು ತಿಗಣೆ ಸಿಹಿ ಅಂಟಾಗಿ ಹೊರಹಾಕುತ್ತದೆ. ಅದು ಬಿದ್ದ ಎಲೆಯ ಮೇಲೆ ಕಪ್ಪು ಬೂಷ್ಟು ಬೆಳೆದು ಬಿಸಿಲನ್ನು ತಡೆಯುತ್ತದೆ. ಅದೇ ಅಂಟಿನ ಆಸೆಗೆ ಬರುವ ಇರುವೆಗಳು ತಿಗಣೆಯ ಶತ್ರುಗಳನ್ನು ಓಡಿಸಿ ಕಾವಲು ಕಾಯುತ್ತವೆ.

ದಾಸವಾಳಕ್ಕೆ ಮುತ್ತುವ ಹಿಟ್ಟು ತಿಗಣೆಗಳಲ್ಲಿ ಎರಡು ಮುಖ್ಯ. ಒಂದರ ಮೈ ಗುಲಾಬಿ. ಹಿಪ್ಪುನೇರಳೆ ಕುಡಿ ಮುರುಟಿಸುವ ಇದರ ಕಾಟವನ್ನು ರೇಷ್ಮೆ ಬೆಳೆಗಾರರು 'ತುಕ್ರಾ' ಎನ್ನುತ್ತಾರೆ. ಇನ್ನೊಂದು ಪಪ್ಪಾಯಿ ಹಿಟ್ಟು ತಿಗಣೆ, ಮೈ ಹಳದಿ. ಮೆಕ್ಸಿಕೊ ಕಡೆಯ ಈ ಕೀಟ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು ಕರ್ನಾಟಕಕ್ಕೂ ಹಬ್ಬಿತು. ಪಪ್ಪಾಯಿ, ಹಿಪ್ಪುನೇರಳೆ, ಮರಗೆಣಸು ನೆಲಕಚ್ಚಿದವು. ಪಾರ್ಥೇನಿಯಂ ಕಳೆಯ ಮೇಲೂ ಬದುಕಬಲ್ಲ ಇದಕ್ಕೆ ಖಾಲಿ ಸೈಟುಗಳೇ ತವರು. ಔಷಧಿ ಹೊಡೆದಷ್ಟೂ ಮತ್ತೆ ಎದ್ದುಬಂತು.

ಮದ್ದು ಸಿಕ್ಕಿದ್ದು ಬಾಗಲಗುಂಟೆಗೆ ದೂರವೇನಲ್ಲದ ಹೆಬ್ಬಾಳದಲ್ಲಿ. ಈಗ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲಗಳ ಬ್ಯೂರೋ ಎನ್ನಿಸಿಕೊಂಡಿರುವ ಅಲ್ಲಿನ ಸಂಸ್ಥೆ 2010ರಲ್ಲಿ ಪೋರ್ಟೊರಿಕೊದಿಂದ ಮೂರು ಜಾತಿಯ ಪರಾವಲಂಬಿ ಕಣಜಗಳನ್ನು ತರಿಸಿತು. ಅವುಗಳಲ್ಲಿ ಗೆದ್ದದ್ದು ಅಸಿರೋಫೇಗಸ್ ಪಪಾಯೆ. ಒಂದು ಮಿಲಿಮೀಟರಿಗೂ ಚಿಕ್ಕದಾದ ಈ ಕಣಜ ಎಳೆಯ ತಿಗಣೆಯ ಮೈಯೊಳಗೆ ಮೊಟ್ಟೆ ಇಡುತ್ತದೆ. ಮರಿ ಒಳಗಿಂದಲೇ ತಿನ್ನುತ್ತಾ ಬೆಳೆದು, ಗಟ್ಟಿಯಾಗಿ ಕಂದಿದ ಸಿಪ್ಪೆಯನ್ನು ಕೊರೆದು ಹೊರಬರುತ್ತದೆ. ಹೊಲತೋಟಗಳಲ್ಲಿ ಕಣಜ ಬಿಟ್ಟ ಕೆಲವೇ ತಿಂಗಳಲ್ಲಿ ತಿಗಣೆಯ ಹಾವಳಿ ಇಳಿಯಿತು.

ಇನ್ನೊಬ್ಬ ಬೇಟೆಗಾರ ಬಂದು ನೂರು ವರ್ಷ ದಾಟಿದೆ. ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳುವನ್ನು ಆಸ್ಟ್ರೇಲಿಯಾದಿಂದ ಭಾರತಕ್ಕೆ ತಂದದ್ದು 1898ರಲ್ಲಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದನ್ನು ಬಳಸುವ ಬಗೆಯನ್ನು ದ್ರಾಕ್ಷಿ ಮುಂತಾದ ಬೆಳೆಗಳಲ್ಲಿ ಅಭ್ಯಾಸ ಮಾಡಿದೆ. ಇದನ್ನು ಸಾಕುವ ವಿಧಾನ ಸ್ವಾರಸ್ಯದ್ದು: ಕುಂಬಳಕಾಯಿಯ ಮೇಲೆ ಹಿಟ್ಟು ತಿಗಣೆ ಬೆಳೆಸಿ ಹುಳುವಿಗೆ ಉಣಿಸುತ್ತಾರೆ. ದೊಡ್ಡ ಹುಳುವಿಗೆ ಕಪ್ಪು ಬೆನ್ನು, ಕಿತ್ತಳೆ ತಲೆ. ಮರಿಹುಳು ಮಾತ್ರ ವೇಷಗಾರ. ಅದರ ಮೈತುಂಬ ಬಿಳಿ ಮೇಣದೆಳೆ ಇರುವುದರಿಂದ ತಿಗಣೆಯೆಂದೇ ತಿಳಿದು ಹೊಸಕಿಹಾಕುತ್ತಾರೆ. ಗುರುತು ಸುಲಭ: ತಿಗಣೆಗಿಂತ ದೊಡ್ಡದಾಗಿದ್ದು, ಮುಟ್ಟಿದರೆ ಚುರುಕಾಗಿ ಓಡಿದರೆ ಅದು ನಮ್ಮವನೇ.

ಬೇಲಿಗೆ ಕಂಡಕಂಡ ಕೀಟನಾಶಕ ಹೊಡೆದರೆ ಮೊದಲು ಸಾಯುವವು ಮೇಣದ ರಕ್ಷಣೆಯಿಲ್ಲದ ಕಣಜಗಳು. ಆಮೇಲೆ ಮೊಟ್ಟೆಯೊಡೆದು ಬರುವ ತಿಗಣೆಗೆ ಕೇಳುವವರೇ ಇರುವುದಿಲ್ಲ.

ಆದ್ದರಿಂದ ಹಿಟ್ಟು ಕಂಡ ಕೂಡಲೇ ಪಂಪು ಹಿಡಿಯಬೇಡಿ. ಹೆಚ್ಚು ಮುತ್ತಿದ ಕುಡಿಗಳನ್ನು ಕತ್ತರಿಸಿ ಚೀಲದಲ್ಲಿ ಬಿಗಿದುಹಾಕಿ. ಹಾಗೆಯೇ ರಸ್ತೆ ಬದಿಗೆ ಎಸೆದರೆ ಪಕ್ಕದ ಮನೆಯ ಬೇಲಿಗೆ ದಾಟುತ್ತದೆ. ಉಳಿದದ್ದಕ್ಕೆ ಪೈಪಿನಿಂದ ಜೋರಾಗಿ ನೀರು ಹಾಯಿಸಿ. ಬುಡದ ಇರುವೆ ಗೂಡನ್ನು ಕೆದಕಿ. ಆಮೇಲೂ ಬೇಕೆನಿಸಿದರೆ ಬೇವಿನ ಅಥವಾ ಹೊಂಗೆಯ ಸಾಬೂನನ್ನು ನೀರಿನಲ್ಲಿ ಕರಗಿಸಿ ಸಂಜೆ ಹೊತ್ತು ಸಿಂಪಡಿಸಿ. ಅದಕ್ಕೂ ಮುಂಚೆ ಒಂದು ಭೂತಗನ್ನಡಿ ಹಿಡಿದು ರೆಂಬೆಯನ್ನು ನೋಡಿ. ತೂತುಬಿದ್ದ ಕಂದು ಸಿಪ್ಪೆಗಳು ಕಂಡರೆ ಕಣಜಗಳು ಆಗಲೇ ಬಂದಿವೆ, ಸಿಂಪಡಣೆಯನ್ನು ಮುಂದಕ್ಕೆ ಹಾಕಿ.