ಕರುಳಿನ ಕೆಲಸ, ಮೂತ್ರಪಿಂಡದ ಹೊರೆ

ಕೊಡಗಿನ ಪಂದಿ ಕರಿಯಂಥ ಮಾಂಸಾಹಾರದ ಪ್ರೋಟೀನಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳನ್ನು ತಲುಪುವ ಪಾಲನ್ನು ಅಲ್ಲಿನ ಬ್ಯಾಕ್ಟೀರಿಯಾಗಳು ಒಡೆದಾಗ, ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲದಿಂದ ಇಂಡೋಲ್ ಹುಟ್ಟುತ್ತದೆ. ಅದು ಯಕೃತ್ತಿನಲ್ಲಿ ಇಂಡಾಕ್ಸಿಲ್ ಸಲ್ಫೇಟ್ ಎಂಬ ತ್ಯಾಜ್ಯವಾಗಿ ಮಾರ್ಪಟ್ಟು ರಕ್ತವನ್ನು ಸೇರುತ್ತದೆ. ಆರೋಗ್ಯವಂತ ಮೂತ್ರಪಿಂಡಗಳು ಇದನ್ನು ಮೂತ್ರದೊಡನೆ ಹೊರಹಾಕುತ್ತವೆ. ಅವು ದುರ್ಬಲವಾದಾಗ ಈ ತ್ಯಾಜ್ಯ ರಕ್ತದಲ್ಲೇ ಶೇಖರವಾಗಿ, ಮೂತ್ರಪಿಂಡದ ಉಳಿದ ಅಂಗಾಂಶಕ್ಕೂ ಹಾನಿ ಮಾಡಬಲ್ಲದೆಂದು ಪ್ರಯೋಗಗಳು ತೋರಿಸಿವೆ. ರಕ್ತದ ಆಲ್ಬುಮಿನ್ ಎಂಬ ಪ್ರೋಟೀನಿಗೆ ಬಲವಾಗಿ ಅಂಟಿಕೊಳ್ಳುವ ಈ ವಸ್ತುವನ್ನು ಡಯಾಲಿಸಿಸ್ ಕೂಡ ಚೆನ್ನಾಗಿ ಸೋಸಲಾರದೆಂಬುದು ನಿಜಕ್ಕೂ ಆತಂಕದ ಸಂಗತಿ. ಇನ್ನೊಂದೆಡೆ, ರಕ್ತದಲ್ಲಿ ಹೆಚ್ಚಿದ ಯೂರಿಯಾ ಕರುಳಿಗೆ ಜಿನುಗಿ, ಬ್ಯಾಕ್ಟೀರಿಯಾಗಳಿಂದ ಅಮೋನಿಯಾ ಆಗಿ, ಕರುಳಿನ ಒಳಪದರವನ್ನೇ ಸಡಿಲಗೊಳಿಸುತ್ತದೆ.

ನಾರಿನಂಶ ಹೇರಳವಾಗಿ ದೊರೆತರೆ ಬ್ಯಾಕ್ಟೀರಿಯಾಗಳು ಪ್ರೋಟೀನಿಗಿಂತ ಅದನ್ನೇ ಹೆಚ್ಚು ಹುದುಗಿಸಿ, ಕರುಳಿನ ಪದರವನ್ನು ಪೋಷಿಸುವ ಬ್ಯುಟಿರೇಟ್ ಎಂಬ ಕೊಬ್ಬಿನಾಮ್ಲವನ್ನು ತಯಾರಿಸುತ್ತವೆ. ಮಳೆಗಾಲದಲ್ಲಿ ಕೊಡವರು ಬೈಂಬಳೆ ಎಂದು ಕರೆದು ಅಕ್ಕರೆಯಿಂದ ಉಣ್ಣುವ ಕಣಿಲೆ, ಅಂದರೆ ಎಳೆಬಿದಿರಿನ ಮೊಳಕೆ, ಇಂಥ ನಾರಿನ ಒಳ್ಳೆಯ ಮೂಲ. ಆದರೆ ಅದರಲ್ಲಿ ಪೊಟ್ಯಾಸಿಯಂ ಅಧಿಕವಾಗಿದ್ದು, ಮೂತ್ರಪಿಂಡ ಸೋತವರಲ್ಲಿ ಈ ಖನಿಜ ಏರಿದರೆ ಹೃದಯದ ಬಡಿತವೇ ತಪ್ಪಬಹುದಾದ್ದರಿಂದ, ಅಂಥವರು ವೈದ್ಯರನ್ನು ಕೇಳಿಯೇ ಅದನ್ನು ತಿನ್ನಬೇಕು. ಕಣಿಲೆಯನ್ನು ಹೆಚ್ಚಿ ನೀರಿನಲ್ಲಿ ನೆನೆಸಿ, ನೀರು ಬದಲಿಸಿ, ಬೇಯಿಸಿ ಬಸಿಯುವ ಹಳೆಯ ಪದ್ಧತಿಯಿಂದ ಅದರ ಸಹಜ ಸಯನೈಡ್ ವಿಷ ಇಳಿಯುವುದರ ಜೊತೆಗೆ ಪೊಟ್ಯಾಸಿಯಂ ಕೂಡ ಒಂದಷ್ಟು ಕಡಿಮೆಯಾಗುತ್ತದೆ.