ಮೂಲೆಗುಂಪಾದ ಫೋಟೊಗೆ ಮನೆಯ ಮೂಲೆಯಲ್ಲೇ ಜಾಗ!

ಬಂಟ್ವಾಳದ ಹತ್ತಿರ ಒಂದು ಹಳೆ ಹಂಚಿನ ಮನೆ. ಆಸ್ತಿ ಪಾಲಾಯಿತು, ಮನೆ ಕೆಡವಿ ಟೆರೇಸ್ ಮನೆ ಕಟ್ಟುವುದೆಂದು ತೀರ್ಮಾನವಾಯಿತು. ಅಟ್ಟ ಖಾಲಿ ಮಾಡಲೆಂದು ನನ್ನ ಗೆಳತಿಯೊಬ್ಬಳು ಮಂಗಳೂರಿನಿಂದ ತವರಿಗೆ ಹೋದಳು. ಮುರಿದ ತೊಟ್ಟಿಲು, ತೂತು ಬಿದ್ದ ಕೊಪ್ಪರಿಗೆಯ ಹಿಂದೆ ಒಂದು ಗೋಣಿಚೀಲ. ಅದರೊಳಗೆ ಒಂಬತ್ತು ಫೋಟೊಗಳು! ಅಜ್ಜ-ಅಜ್ಜಿಯ ಮದುವೆಯ ಕಪ್ಪುಬಿಳುಪು ಫೋಟೊ ಗಾಜಿಗೆ ಅಂಟಿಕೊಂಡಿತ್ತು. ಮೆಲ್ಲಗೆ ಎಳೆದಳು. ಅಜ್ಜನ ಮುಖ ಕೈಗೆ ಬಂತು, ಅಜ್ಜಿಯ ಮುಖ ಗಾಜಿನ ಮೇಲೇ ಉಳಿಯಿತು. ಅಜ್ಜಿಯದ್ದು ಅಂತ ಇದ್ದದ್ದು ಅದೊಂದೇ ಫೋಟೊ.

"ಇನ್ನೆಂಟು ಉಂಟು ಮಾರಾಯ್ತಿ. ಇದನ್ನಾದ್ರೂ ಸರಿಯಾಗಿ ಇಟ್ಕೊಳ್ಬೇಕು. ಫ್ಲ್ಯಾಟಲ್ಲಿ ಎಲ್ಲಿ ಹಾಕುದು ಹೇಳು" ಎಂದು ಫೋನಿನಲ್ಲಿ ಅಳುದನಿಯಲ್ಲಿ ಕೇಳಿದಳು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಎಷ್ಟೋ ಮನೆಗಳ ಕಥೆ ಇದು. ದೊಡ್ಡ ಚಾವಡಿಯಲ್ಲಿ ಸಾಲಾಗಿ ತೂಗುತ್ತಿದ್ದ ಫೋಟೊಗಳಿಗೆ ಪೇಟೆಯ ಎರಡು ಬೆಡ್‌ರೂಮಿನ ಮನೆಯಲ್ಲಿ ಗೋಡೆಯೇ ಸಿಗುವುದಿಲ್ಲ. ಒಂದು ಕಡೆ ಟಿವಿ, ಇನ್ನೊಂದು ಕಡೆ ಕಿಟಕಿ, ಮತ್ತೊಂದು ಕಡೆ ಶೋಕೇಸ್. ಉಳಿಯುವುದು ಒಂದು ಮೂಲೆ. ಆ ಮೂಲೆಯೇ ಸಾಕು! ಹೇಗೆ ಅಂತೀರಾ?

ಮೊದಲು ಪ್ರತಿ, ಆಮೇಲೆ ಫ್ರೇಮ್

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 4000 ಮಿಲಿಮೀಟರ್ ಮಳೆ. ಅದರ ಬಹುಪಾಲು ಸುರಿಯುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ತೇವಕ್ಕೆ ಫೋಟೊದ ಮೇಲಿನ ಜಿಲೆಟಿನ್ ಪದರ ಮೆತ್ತಗಾಗಿ ಗಾಜಿಗೆ ಅಂಟುತ್ತದೆ. ಹಾಗೆ ಅಂಟಿದ್ದರೆ ದಯವಿಟ್ಟು ಎಳೆಯಬೇಡಿ. ಗಾಜಿನ ಸಮೇತ ಹಾಗೇ ಸ್ಕ್ಯಾನ್ ಮಾಡಿಸಿ. ಮುಖವಾದರೂ ಉಳಿಯುತ್ತದೆ.

ಗೋಡೆಗೆ ಹಾಕುವುದು ಯಾವಾಗಲೂ ಪ್ರತಿಯನ್ನೇ. ಮೂಲ ಫೋಟೊ ಕಪಾಟಿನಲ್ಲಿರಲಿ. ಇದೇನೂ ಹೊಸ ಬುದ್ಧಿಯಲ್ಲ. ಧವಲಾ, ಜಯಧವಲಾ, ಮಹಾಧವಲಾ ಎಂಬ ಜೈನ ಗ್ರಂಥಗಳ ತಾಳೆಗರಿಗಳು ಶತಮಾನಗಳ ಕಾಲ ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಷ್ಟೇ ಉಳಿದಿದ್ದವು. 19ನೇ ಶತಮಾನದ ಕೊನೆಯಲ್ಲಿ ಅವುಗಳ ಪ್ರತಿ ಮಾಡುವ ಕೆಲಸ ಶುರುವಾಯಿತು. ಆ ಪ್ರತಿಗಳಿಂದಾಗಿಯೇ 1939ರಿಂದ ಧವಲಾ ಅಚ್ಚಾಗಿ ಎಲ್ಲರ ಕೈಗೆ ಬಂತು. ಮೂಲ ಪೆಟ್ಟಿಗೆಯಲ್ಲಿ, ಪ್ರತಿ ಕೈಯಲ್ಲಿ. ಅಜ್ಜಿಯ ಫೋಟೊಗೂ ಇದೇ ಸೂತ್ರ!

* ಸಣ್ಣ ಫೋಟೊಗಳನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಲು ಸ್ಟುಡಿಯೊದವರಿಗೆ ಹೇಳಿ. ದೊಡ್ಡದು ಮಾಡಿದರೂ ಚಿತ್ರ ಮಸುಕಾಗುವುದಿಲ್ಲ.
* ಮೊಬೈಲ್‌ನಲ್ಲೇ ತೆಗೆಯುವುದಾದರೆ ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ನೇರ ಮೇಲಿನಿಂದ ತೆಗೆಯಿರಿ.
* ಮೂಲ ಫೋಟೊಗೆ ಲ್ಯಾಮಿನೇಶನ್ ಬೇಡವೇ ಬೇಡ. ಒಮ್ಮೆ ಬಿಸಿಯಲ್ಲಿ ಅಂಟಿಸಿದ ಪ್ಲಾಸ್ಟಿಕ್ ಮತ್ತೆ ಬಿಡಿಸಲಿಕ್ಕಾಗದು.
* ಒಂದು ಪ್ರತಿ ಅಕ್ಕತಂಗಿಯರ ಮನೆಗೂ ಕೊಡಿ. 1974ರ ನೇತ್ರಾವತಿ ನೆರೆಯ ಮಾತು ಬಂಟ್ವಾಳದ ಹಿರಿಯರ ಬಾಯಲ್ಲಿ ಇನ್ನೂ ಇದೆ. 2019ರ ಆಗಸ್ಟ್‌ನಲ್ಲಿ ಬೆಳ್ತಂಗಡಿ ತಾಲೂಕಿನ ಘಟ್ಟದ ಬುಡದ ಊರುಗಳಲ್ಲಿ ಮನೆಯೊಳಗೇ ನೀರು ನುಗ್ಗಿತು. ಒಂದು ಮನೆಯದ್ದು ಹೋದರೂ ಇನ್ನೊಂದು ಮನೆಯಲ್ಲಿ ಇರುತ್ತದೆ, ಅಲ್ವೇ?

ಯಾವ ಮೂಲೆ ಒಳ್ಳೆಯದು?

ನಮ್ಮ ಕಡೆ ಮಳೆ ಹೊಡೆಯುವುದು ಹೆಚ್ಚಾಗಿ ಪಶ್ಚಿಮ ಮತ್ತು ದಕ್ಷಿಣದ ಗೋಡೆಗೆ. ಆ ಗೋಡೆಗಳನ್ನು ಬಿಟ್ಟುಬಿಡಿ. ಬಾತ್‌ರೂಮಿಗೆ ತಾಗಿದ ಗೋಡೆಯೂ ಬೇಡ. ಎರಡೂ ಒಳಗೋಡೆಗಳು ಸೇರುವ ಮೂಲೆ ಸಿಕ್ಕರೆ ಅದೇ ಅದೃಷ್ಟ!

ಅನುಮಾನವಿದ್ದರೆ ಮಳೆಗಾಲದಲ್ಲಿ ಒಂದು ಪರೀಕ್ಷೆ ಮಾಡಿ. ಒಂದಡಿ ಚೌಕದ ಅಲ್ಯೂಮಿನಿಯಂ ಫಾಯಿಲ್ ತುಂಡನ್ನು ಗೋಡೆಗಿಟ್ಟು ನಾಲ್ಕೂ ಬದಿ ಟೇಪ್ ಅಂಟಿಸಿ. ಎರಡು ದಿನ ಬಿಟ್ಟು ತೆಗೆದು ನೋಡಿ. ಗೋಡೆಯ ಕಡೆ ನೀರಿನ ಹನಿಯಿದ್ದರೆ ಗೋಡೆಯೇ ತೇವ ಹೀರಿದೆ ಎಂದರ್ಥ. ಬೇರೆ ಮೂಲೆ ಹುಡುಕಿ. ಹೊರಬದಿಯಲ್ಲಿ ಹನಿಯಿದ್ದರೆ ಕೋಣೆಯ ಗಾಳಿಯಲ್ಲಿ ತೇವ. ಕಿಟಕಿ ತೆರೆದು, ಫ್ಯಾನ್ ಹಾಕಿದರೆ ಸುಧಾರಿಸುತ್ತದೆ.

ಬಿಸಿಲು ನೇರವಾಗಿ ಬೀಳುವ ಮೂಲೆಯೂ ಬೇಡ. ಬಣ್ಣದ ಫೋಟೊ ಬಿಸಿಲಿಗೆ ಬೇಗ ಮಾಸುತ್ತದೆ.

ಒಂಬತ್ತು ಸೇರಿ ಒಂದು ಆನೆ

ಮೂಡುಬಿದಿರೆಯ ಚೌಟರ ಅರಮನೆಗೆ ಹೋಗಿದ್ದೀರಾ? ಅಲ್ಲಿನ ಮರದ ಕಂಬದಲ್ಲಿ ನವನಾರೀ ಕುಂಜರದ ಕೆತ್ತನೆಯಿದೆ. ಒಂಬತ್ತು ಹೆಂಗಸರು ಸೇರಿ ಒಂದು ಆನೆ! ಹತ್ತಿರ ಹೋದರೆ ಹೆಂಗಸರು, ದೂರ ನಿಂತರೆ ಆನೆ. ಮೂಲೆಯ ಫೋಟೊಗಳೂ ಹೀಗೆಯೇ ಕಾಣಬೇಕು. ಬಾಗಿಲಲ್ಲಿ ನಿಂತವರಿಗೆ ಒಂದೇ ಆಕಾರ, ಹತ್ತಿರ ಬಂದವರಿಗೆ ಒಬ್ಬೊಬ್ಬರ ಮುಖ.

* ಎಲ್ಲಕ್ಕಿಂತ ದೊಡ್ಡ ಫ್ರೇಮನ್ನು ಮೂಲೆಗೆ ಹತ್ತಿರ ಹಾಕಿ. ಅದರ ನಡುಭಾಗ ನೆಲದಿಂದ ಸುಮಾರು 58 ಇಂಚು ಎತ್ತರದಲ್ಲಿರಲಿ. ನಿಂತವರ ಕಣ್ಣಿಗೆ ಸರಿಯಾಗುತ್ತದೆ. ಸೋಫಾ ಇದ್ದರೆ ಅದರ ಬೆನ್ನಿನಿಂದ ಆರೆಂಟು ಇಂಚು ಮೇಲೆ ಫ್ರೇಮ್ ಶುರುವಾಗಲಿ.
* ಅಲ್ಲಿಂದ ಎರಡೂ ಗೋಡೆಗಳಿಗೆ ಚಿಕ್ಕ ಫ್ರೇಮ್‌ಗಳು ಹರಡಿಕೊಳ್ಳಲಿ.
* ಫ್ರೇಮ್‌ಗಳ ನಡುವೆ ಎರಡಿಂಚು ಜಾಗ. ಮೂಲೆಯ ಗೆರೆಯಿಂದಲೂ ಎರಡೂ ಕಡೆ ಅಷ್ಟೇ ಜಾಗ ಬಿಟ್ಟರೆ ಎರಡು ಗೋಡೆ ಒಂದೇ ಎನಿಸುತ್ತದೆ.
* ಫ್ರೇಮ್‌ಗಳೆಲ್ಲ ಒಂದೇ ಅಳತೆಯಲ್ಲಿ ಇರಬೇಕಿಲ್ಲ. ಬಣ್ಣ ಮಾತ್ರ ಒಂದಕ್ಕೊಂದು ಹೊಂದಲಿ.
* ಫೋಟೊ ಮಾತ್ರವೇ ಯಾಕೆ? ಮಗಳು ಬಿಡಿಸಿದ ಚಿತ್ರ, ಅಪ್ಪ ಯಕ್ಷಗಾನದ ವೇಷ ಹಾಕಿದ್ದ ಫೋಟೊ, ಹಳೆ ಮದುವೆ ಕಾಗದ ಎಲ್ಲವೂ ಚಂದವೇ. ಬಿ.ಸಿ. ರೋಡಿನ ತುಳು ಬದುಕು ವಸ್ತುಸಂಗ್ರಹಾಲಯದಲ್ಲಿ ನಮ್ಮ ಅಜ್ಜಿಯಂದಿರು ದಿನಾ ಬಳಸುತ್ತಿದ್ದ ಸಾಮಾನುಗಳೇ ನೋಡುವ ವಸ್ತುಗಳಾಗಿವೆ. ನಿಮ್ಮ ಮೂಲೆಯ ಕೆಳಗೊಂದು ಪುಟ್ಟ ಸ್ಟೂಲಿಟ್ಟು ಅದರ ಮೇಲೆ ಮನೆಯ ಹಳೆ ಸೇರು ಇಟ್ಟು ನೋಡಿ!

ಆಣಿ ಹೊಡೆಯುವ ಮುನ್ನ

ಅವಸರ ಬೇಡ. ಹಳೆ ಪೇಪರನ್ನು ಫ್ರೇಮಿನ ಅಳತೆಗೆ ಕತ್ತರಿಸಿ, ಟೇಪ್‌ನಿಂದ ಗೋಡೆಗೆ ಅಂಟಿಸಿ. ಎರಡು ದಿನ ಹಾಗೇ ಇರಲಿ. ಅಡುಗೆಮನೆಗೆ ಹೋಗುತ್ತಾ ಬರುತ್ತಾ ನೋಡಿ. ಸರಿಯಿಲ್ಲ ಅನಿಸಿದರೆ ಪೇಪರ್ ಬದಲಿಸಿದರಾಯ್ತು, ಗೋಡೆಗೆ ತೂತು ಬೀಳುವುದಿಲ್ಲ.

ಕೆಂಪುಕಲ್ಲಿನ ಗೋಡೆಗೆ ಸುತ್ತಿಗೆಯಿಂದ ಆಣಿ ಹೊಡೆದರೆ ಕಲ್ಲು ಪುಡಿಪುಡಿಯಾಗಿ ಉದುರುತ್ತದೆ. ಡ್ರಿಲ್ ಮಾಡಿ, ಪ್ಲಗ್ ಹಾಕಿ ಸ್ಕ್ರೂ ಬಿಗಿದರೆ ಗಟ್ಟಿ. ಬಾಡಿಗೆ ಮನೆಯೇ? ಮೇಲ್ಗಡೆ ಒಂದು ಮರದ ಪಟ್ಟಿಯನ್ನು ಎರಡೇ ಸ್ಕ್ರೂನಲ್ಲಿ ಕೂರಿಸಿ, ಅದರಿಂದ ಚಿಕ್ಕ ಫ್ರೇಮ್‌ಗಳನ್ನೆಲ್ಲ ತಂತಿಯಲ್ಲಿ ಇಳಿಬಿಡಿ.

ಹಳೆ ಚಾವಡಿಗಳಲ್ಲಿ ಫೋಟೊಗಳನ್ನು ಮುಂದಕ್ಕೆ ಬಾಗಿಸಿ ತೂಗುಹಾಕುತ್ತಿದ್ದದ್ದು ನೆನಪಿದೆಯೇ? ಕೆಳಗೆ ಕೂತವರಿಗೂ ಮುಖ ಕಾಣುತ್ತಿತ್ತು, ಫ್ರೇಮಿನ ಹಿಂದೆ ಗಾಳಿಯೂ ಆಡುತ್ತಿತ್ತು. ಈಗ ನಾವು ಗೋಡೆಗೆ ಒತ್ತಿ ಹಾಕುತ್ತೇವೆ, ಹಿಂದೆ ಬೂಸ್ಟು ಹಿಡಿಯುತ್ತದೆ. ಬಾಟಲಿಯ ಬಿರಡೆಯನ್ನು ತೆಳ್ಳಗೆ ಬಿಲ್ಲೆಯಾಗಿ ಕತ್ತರಿಸಿ ಫ್ರೇಮಿನ ಹಿಂದೆ ನಾಲ್ಕು ಮೂಲೆಗೆ ಅಂಟಿಸಿ. ಅಷ್ಟೇ, ಗಾಳಿಗೆ ದಾರಿಯಾಯಿತು! ಫೋಟೊ ಮತ್ತು ಗಾಜಿನ ನಡುವೆ ಮೌಂಟ್ ಹಾಕಿಸುವುದನ್ನು ಮಾತ್ರ ಮರೆಯಬೇಡಿ. ಅಂದಕ್ಕೂ ಆಯ್ತು, ಫೋಟೊ ಗಾಜಿಗೆ ತಾಗುವುದೂ ಇಲ್ಲ.

ಯಾರ ಫೋಟೊ ಎಲ್ಲಿ?

ಇದೇ ಕಷ್ಟದ ಪ್ರಶ್ನೆ. ದೇವರ ಪಟ, ಗತಿಸಿದ ಹಿರಿಯರ ಫೋಟೊ, ಮಕ್ಕಳ ಬರ್ತ್‌ಡೇ ಫೋಟೊ ಒಟ್ಟಿಗೆ ಬೆರೆಸಬಾರದು ಎನ್ನುವುದು ಹಲವು ಮನೆಗಳ ಪದ್ಧತಿ. ಅತ್ತೆಗೆ ಬೇಸರವಾಗುವಂತೆ ಮಾಡುವುದೇಕೆ? ದೇವರ ಪಟ ದೇವರಕೋಣೆಯಲ್ಲಿರಲಿ. ಹಾರ ಹಾಕುವ ಫೋಟೊಗಳು ಒಂದು ಗೋಡೆಗೆ, ಉಳಿದವು ಪಕ್ಕದ ಗೋಡೆಗೆ. ಮೂಲೆಯ ಲಾಭವೇ ಇದು. ಬೇರೆ ಬೇರೆಯೂ ಆಯ್ತು, ಒಟ್ಟಿಗೂ ಆಯ್ತು.

ಇನ್ನೊಂದು ಮಾತು. ನಿಮ್ಮ ಹಾಲ್ ಒಮ್ಮೆ ನೋಡಿ. ಗಂಡನ ಮನೆಯವರ ಫೋಟೊ ಎಷ್ಟಿವೆ? ನಿಮ್ಮ ತವರಿನದ್ದು ಎಷ್ಟಿವೆ? ಹೆಚ್ಚಿನ ಮನೆಗಳಲ್ಲಿ ಹೆಂಡತಿಯ ಅಪ್ಪ-ಅಮ್ಮ ಇರುವುದು ಆಲ್ಬಮ್ಮಿನ ಒಳಗೆ. ಜಗಳ ಬೇಡ, ಎರಡು ಫ್ರೇಮ್ ಸಾಕು. ಅಮ್ಮನದೊಂದು, ಕಾಲೇಜು ದಿನಗಳ ನಿಮ್ಮದೇ ಒಂದು. ಅಮ್ಮ ಹುಟ್ಟಿದ ಊರು ಯಾವುದೆಂದು ಮಕ್ಕಳು ಕೇಳುವುದು ಆ ಫೋಟೊ ನೋಡಿದ ಮೇಲೆಯೇ.

ಪತ್ತನಾಜೆಗೊಮ್ಮೆ, ದೀಪಾವಳಿಗೊಮ್ಮೆ

ವರ್ಷಕ್ಕೆರಡು ಸಲ ಫ್ರೇಮ್‌ಗಳನ್ನು ಇಳಿಸಿ ನೋಡಿ. ಮೇ 24ರ ಆಸುಪಾಸಿನ ಪತ್ತನಾಜೆಗೆ, ಅಂದರೆ ಮಳೆಗೆ ಮುಂಚೆ ಒಮ್ಮೆ. ಮಳೆ ನಿಂತು ದೀಪಾವಳಿಗೆ ಮನೆ ಗುಡಿಸುವಾಗ ಇನ್ನೊಮ್ಮೆ. ಹಿಂಬದಿಯಲ್ಲಿ ಗೆದ್ದಲಿನ ಮಣ್ಣಿದೆಯೇ, ಬೂಸ್ಟಿದೆಯೇ ನೋಡಿ. ಗಾಜಿನ ಮೇಲೆ ನೇರವಾಗಿ ನೀರು ಚಿಮುಕಿಸಬೇಡಿ, ಅಂಚಿನಿಂದ ಒಳಗಿಳಿಯುತ್ತದೆ. ಬಟ್ಟೆ ಒದ್ದೆ ಮಾಡಿ, ಚೆನ್ನಾಗಿ ಹಿಂಡಿ ಒರೆಸಿ.

ಪ್ರತಿ ಫ್ರೇಮಿನ ಹಿಂದೆ ಒಂದು ಚೀಟಿ ಅಂಟಿಸುವುದನ್ನೂ ಮರೆಯಬೇಡಿ. ಯಾರು, ಯಾವ ಊರು, ಯಾವ ವರ್ಷ. ಹೆಸರು ಹೇಳುವವರು ಇರುವಾಗಲೇ ಬರೆದಿಟ್ಟುಕೊಳ್ಳಿ.

ಅಂದಹಾಗೆ, ಗೆಳತಿಯ ಮೂಲೆ ಈಗ ಸಿದ್ಧವಾಗಿದೆ. ಎಂಟು ಫೋಟೊ, ಒಂಬತ್ತನೆಯ ಫ್ರೇಮಿನಲ್ಲಿ ಅಜ್ಜಿಯ ಸೀರೆಯ ಒಂದು ಗೇಣು ಅಂಚು. ಎಂಟರಲ್ಲಿ ಮೂವರ ಹೆಸರು ಅವಳಿಗೆ ಗೊತ್ತಿರಲಿಲ್ಲ. ಊರಿನ ದೊಡ್ಡಮ್ಮನಿಗೆ ಫೋನ್ ಮಾಡಿ ಇಬ್ಬರದ್ದು ಬರೆದುಕೊಂಡಳು. ಮೂರನೆಯದ್ದು ಯಾರಿಗೂ ಗೊತ್ತಿಲ್ಲ.

ನಿಮ್ಮ ಮನೆಯ ಫೋಟೊಗಳ ಹೆಸರು ಬಲ್ಲವರಿಗೆ ಇವತ್ತು ಸಂಜೆಯೇ ಒಂದು ಫೋನ್ ಮಾಡಿ.