ಕಾಫಿ ಸೀಮೆಯಲ್ಲಿ ಉನ್ನತ ಶಿಕ್ಷಣದ ಬೋಧನಾ ಭಾಷೆ

ಇಂಗ್ಲಿಷ್ ಮನೆಮಾತಲ್ಲದ ನಾಡುಗಳ ವಿಶ್ವವಿದ್ಯಾಲಯಗಳಲ್ಲಿ ಇಂಗ್ಲಿಷೇ ಬೋಧನಾ ಮಾಧ್ಯಮವಾಗಿರುವುದರ ಸಾಧಕ ಬಾಧಕಗಳನ್ನು ಸಾಮಾನ್ಯವಾಗಿ ವಿದ್ಯಾರ್ಥಿಯ ಕಲಿಕೆಯ ದೃಷ್ಟಿಯಿಂದ ಚರ್ಚಿಸಲಾಗುತ್ತದೆ. ಕಲಿತ ವಿದ್ಯೆ ಯಾರನ್ನು ತಲುಪಬೇಕೋ ಅವರ ದೃಷ್ಟಿಯಿಂದ ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಬಾಬಾಬುಡನ್‌ಗಿರಿಯಿಂದ ಮೂಡಿಗೆರೆ, ಕಳಸಗಳವರೆಗಿನ ಕಾಫಿ ಸೀಮೆ ಇದಕ್ಕೆ ತಕ್ಕ ನಿದರ್ಶನವಾಗಿದೆ.

ಇದೇ ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಜನಿಸಿದ ಕುವೆಂಪು ಅವರು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದು, ಕಾಲೇಜು ಹಂತದ ಕನ್ನಡ ಮಾಧ್ಯಮಕ್ಕೂ ಕನ್ನಡ ಪಠ್ಯಗ್ರಂಥಗಳಿಗೂ ಒತ್ತಾಸೆಯಾದರು. ಅನಂತರ ಕೊಠಾರಿ ಆಯೋಗವು (1964–66) ಪ್ರಾದೇಶಿಕ ಭಾಷೆಗಳನ್ನು ವಿಶ್ವವಿದ್ಯಾಲಯದ ಮಾಧ್ಯಮವಾಗಿಸಲು ಹತ್ತು ವರ್ಷಗಳ ಅವಧಿಯನ್ನು ಸೂಚಿಸಿತು. ಮಾನವಿಕ ವಿಷಯಗಳಲ್ಲಿ ಕನ್ನಡ ನೆಲೆಗೊಂಡಿತಾದರೂ ವಿಜ್ಞಾನ ಮತ್ತು ಕೃಷಿ ಪದವಿಗಳಲ್ಲಿ ಇಂಗ್ಲಿಷೇ ಉಳಿಯಿತು.

1925ರಲ್ಲಿ ಬಾಳೆಹೊನ್ನೂರಿನ ಬಳಿ ಆರಂಭವಾದ ಕಾಫಿ ಪ್ರಯೋಗ ಕೇಂದ್ರವು ಇಂದು ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಾಗಿದೆ. ಮೂಡಿಗೆರೆಯ ತೋಟಗಾರಿಕಾ ಮಹಾವಿದ್ಯಾಲಯದ ಪದವಿ ಬೋಧನೆಯೂ ಇಂಗ್ಲಿಷಿನಲ್ಲಿಯೇ ನಡೆಯುತ್ತದೆ. ಬ್ರೆಜಿಲ್, ಕೊಲಂಬಿಯಾ, ಇಥಿಯೋಪಿಯಾಗಳ ಕಾಫಿ ಸಂಶೋಧನೆಯನ್ನು ನಮ್ಮ ವಿದ್ಯಾರ್ಥಿಯ ಕೈಗೆ ತಂದುಕೊಡುವುದು ಬಹುಮಟ್ಟಿಗೆ ಈ ಭಾಷೆಯೇ. ಈ ಪ್ರಯೋಜನವನ್ನು ಅಲ್ಲಗಳೆಯಲಾಗದು.

ತೊಡಕು ಎದುರಾಗುವುದು ತೋಟದಲ್ಲಿ. ಅರೇಬಿಕಾ ಗಿಡಕ್ಕೆ ಮಾರಕವಾದ ಬಿಳಿ ಕಾಂಡಕೊರಕವನ್ನು ಬೆಳೆಗಾರರು ಬೋರರ್ ಎಂದೇ ಕರೆಯುತ್ತಾರೆ. ಇದರ ದುಂಬಿ ತೊಗಟೆಯ ಬಿರುಕುಗಳಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳು ಕಾಂಡವನ್ನು ಕೊರೆಯುತ್ತದೆ. ನೆರಳು ಕಡಿಮೆಯಾದಲ್ಲಿ ಹಾವಳಿ ಹೆಚ್ಚು. ಆದ್ದರಿಂದ ಮರಗಸಿಯಲ್ಲಿ ಎಷ್ಟು ಕೊಂಬೆ ಉಳಿಸಬೇಕು, ಕಾಂಡದ ಮೇಲಿನ ಯಾವ ಏಣು ಹುಳುವಿನ ಗುರುತು, ಕಿತ್ತ ಗಿಡವನ್ನು ಏಕೆ ಒಡನೆಯೇ ಸುಡಬೇಕು ಎಂಬುದು ಮೇಸ್ತ್ರಿಗೂ ಆಳುಗಳಿಗೂ ಮನದಟ್ಟಾಗಬೇಕು. ಇದರಲ್ಲಿ ತಪ್ಪಿದರೆ ಒಂದು ಗಿಡದ ಹುಳು ತೋಟವನ್ನೇ ವ್ಯಾಪಿಸುತ್ತದೆ. ಪದವೀಧರನು ಈ ಕಾರಣಗಳನ್ನು ಇಂಗ್ಲಿಷಿನಲ್ಲಿ ಬರೆದು ಉತ್ತೀರ್ಣನಾಗಿರುತ್ತಾನೆ. ಕನ್ನಡದಲ್ಲಿ ವಿವರಿಸುವ ಶಕ್ತಿಯನ್ನು ಮಾತ್ರ ಆ ಪರೀಕ್ಷೆ ಅಳೆದಿರುವುದಿಲ್ಲ.

ಇದು ಪದಗಳ ಬಡತನವಲ್ಲ. ಹೂಮಳೆ, ಮರಗಸಿ, ಎಲೆತುಕ್ಕು, ಕೊಳೆರೋಗ, ಕಾಯಿಕೊರಕ ಮೊದಲಾದ ಮಾತುಗಳು ಬಳಕೆಯಲ್ಲಿವೆ. ಬೋರರ್, ಪಲ್ಪರ್‌ಗಳೂ ಕನ್ನಡವೇ ಆಗಿಹೋಗಿವೆ. ಕೊರತೆಯಿರುವುದು ಈ ಪದಗಳಿಂದ ಕಾರ್ಯಕಾರಣಗಳನ್ನು ನಿರೂಪಿಸುವ ಅಭ್ಯಾಸದಲ್ಲಿ. ಇಂದು ತೋಟಗಳಲ್ಲಿ ಅಸ್ಸಾಮಿನಿಂದ ಬಂದ ಕಾರ್ಮಿಕರೂ ದುಡಿಯುತ್ತಿರುವುದರಿಂದ ಕನ್ನಡವೊಂದೇ ಸಾಲದೆಂಬುದು ನಿಜ. ಆದರೆ ಬೆಳೆಗಾರನಿಂದ ಮೇಸ್ತ್ರಿಯವರೆಗೆ ವಿಷಯ ಸಾಗುವುದು ಈಗಲೂ ಬಹುತೇಕ ಕನ್ನಡದಲ್ಲಿಯೇ.

ಹೀಗಾಗಿ ಇಂಗ್ಲಿಷನ್ನು ಕೈಬಿಡುವುದಕ್ಕಿಂತ ಪರೀಕ್ಷಾಕ್ರಮವನ್ನು ತಿದ್ದುವುದು ಕಾರ್ಯಸಾಧ್ಯ. ಪದವಿಯ ಅಂತಿಮ ವರ್ಷದಲ್ಲಿ ವಿದ್ಯಾರ್ಥಿಗಳು ಹಳ್ಳಿಗಳಲ್ಲಿ ನೆಲೆಸಿ ಪಡೆಯುವ ಗ್ರಾಮೀಣ ಕಾರ್ಯಾನುಭವದ ವರದಿಯನ್ನು ಕನ್ನಡದಲ್ಲಿಯೂ ಬರೆಯಿಸಿ, ಬೆಳೆಗಾರರ ಸಮ್ಮುಖದಲ್ಲಿ ಕನ್ನಡದ ಮೌಖಿಕ ಪರೀಕ್ಷೆ ನಡೆಸಿ, ಎರಡಕ್ಕೂ ಅಂಕ ನೀಡಬೇಕು. ಅಂಕವಿಲ್ಲದ ಕನ್ನಡವು ವಿಶ್ವವಿದ್ಯಾಲಯದಲ್ಲಿ ಅಭಿಮಾನದ ವಿಷಯವಾಗಿ ಉಳಿಯುತ್ತದೆಯೇ ಹೊರತು ವಿದ್ಯೆಯ ವಾಹಕವಾಗುವುದಿಲ್ಲ.